ಪಾಚಿ ಉಜ್ಜಿದ ಕೈ

ಮೊಮ್ಮಗಳು ಚೀನಾಕ್ಕೆ ಹೊರಟಾಗ ನಾನು ಹೇಳಿದ್ದು ಒಂದೇ ಮಾತು: ಬರುವಾಗ ಮುಚ್ಚಳ ಗಟ್ಟಿಯಾಗಿ ಕೂರುವ ಒಂದು ಟೀಪಾಟ್ ತಾ. ಅವಳು ತಂದದ್ದು ಒಂದು ಪುಟ್ಟ ನೋಟ್‌ಬುಕ್. ಒಳಗೆ ಒಂದಕ್ಷರ ಬರೆದಿರಲಿಲ್ಲ. ಪುಟಪುಟಕ್ಕೂ ಕೆಂಪು ಶಾಯಿಯ ಮುದ್ರೆಗಳು. ಒಂದರಲ್ಲಿ ಕಮಾನು ಸೇತುವೆ, ಒಂದರಲ್ಲಿ ತಾವರೆ, ಒಂದರಲ್ಲಿ ಬರೀ ಒಂದು ಕಲ್ಲು.

“ಇದೆಂತ, ಇನ್ನೊಂದು ಪಾಸ್‌ಪೋರ್ಟಾ?” ಎಂದೆ.

“ಗಾರ್ಡನ್ ಸ್ಟ್ಯಾಂಪ್ಸ್ ಅಜ್ಜಿ. ಗೇಟ್ ಹತ್ರ ಟೇಬಲ್ ಮೇಲೆ ಇಟ್ಟಿರ್ತಾರೆ, ನಾವೇ ಒತ್ತಿಕೊಳ್ಳೋದು. ಆ ಕ್ಯೂ ನೀವು ನೋಡ್ಬೇಕಿತ್ತು! ಎಲ್ಲಾ ನನ್ನ ಏಜಿನವ್ರೇ.”

ನಾವು ಮಂಗಳೂರಿನ ಕಾನ್ವೆಂಟಿನಲ್ಲಿ ಹೋಲಿ ಪಿಕ್ಚರ್ಸ್ ಕೂಡಿಸುತ್ತಿದ್ದುದು ನೆನಪಾಯಿತು. ಪ್ರೇಯರ್ ಬುಕ್ಕಿನ ಪುಟಗಳ ನಡುವೆ ಅಡಗಿಸಿಟ್ಟುಕೊಂಡು, ಇನ್ನೊಬ್ಬಳ ಬಳಿ ಒಂದು ಹೆಚ್ಚಿದ್ದರೆ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆವು. ಇವಳದ್ದೂ ಅಂಥದ್ದೇ ಹುಚ್ಚು, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ.

ಅವಳು ಕಾಲೇಜಿನ ಇಬ್ಬರು ಗೆಳತಿಯರ ಜೊತೆ ಹೋದದ್ದು ಶಾಂಘೈಯ ಗೋಪುರ ನೋಡಲಿಕ್ಕೆ, ಶಾಪಿಂಗ್ ಮಾಡಲಿಕ್ಕೆ. ಹತ್ತಿರದ ಸುಝೌ ಊರಿನ ಹಳೆಯ ತೋಟಗಳಿಗೆ ಒಂದೇ ಒಂದು ದಿನ ಅಂತ ಪ್ಲ್ಯಾನ್. ಆ ಒಂದು ದಿನ ನಾಲ್ಕಾಯಿತು. ಶಾಪಿಂಗ್ ಆಗಲೇ ಇಲ್ಲ. ನನ್ನ ಟೀಪಾಟ್ ಬಾರದೆ ಹೋದದ್ದು ಹೀಗೆ.

ನಾವಿರುವುದು ದುಬೈಯ ಅಲ್ ನಹ್ದಾದಲ್ಲಿ, ಏಳನೆಯ ಮಹಡಿ. ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ಕಾಣುವುದು ಆಗಲೇ ಶಾರ್ಜಾ. ಮಗ, ಸೊಸೆ ಇಬ್ಬರೂ ಬೆಳಿಗ್ಗೆ ಡ್ಯೂಟಿಗೆ ಹೋದರೆ ಮನೆಯಲ್ಲಿ ನಾನು ಮತ್ತು ಈ ಮೊಮ್ಮಗಳು. ಅವಳು ಹುಟ್ಟಿದ್ದು, ಬೆಳೆದದ್ದು ಎಲ್ಲ ಇಲ್ಲೇ. ನಾನು ಬಂದು ಎಂಟು ವರ್ಷ. ಬಾಲ್ಕನಿಯಲ್ಲಿ ಏಸಿ ಪೈಪಿನ ಕೆಳಗೆ ಒಂದು ಬಕೆಟ್ ಇಟ್ಟಿದ್ದೇನೆ. ಅದರಲ್ಲಿ ತೊಟ್ಟಿಕ್ಕಿ ಕೂಡುವ ನೀರೇ ನನ್ನ ಕರಿಬೇವಿಗೂ ಮಲ್ಲಿಗೆಗೂ. ಈ ಊರಿನ ಅರ್ಧ ಬಾಲ್ಕನಿಗಳ ತೋಟ ಬದುಕಿರುವುದು ಹೀಗೆಯೇ.

ಒಂದು ರಜೆಯ ಮಧ್ಯಾಹ್ನ ಊಟ ಮುಗಿದ ಮೇಲೆ ಅವಳು ಫೋನಿನ ಚಿತ್ರಗಳನ್ನೆಲ್ಲ ಟಿವಿಗೆ ಹಾಕಿದಳು. ಆಗ ನನ್ನ ಎರಡೂ ಕಣ್ಣಿಗೆ ಪೊರೆ. ಕುರ್ಚಿಯನ್ನು ಮೂಗು ಟಿವಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತೆ. ತೋಟ ಎಂದರೆ ನನಗೆ ಗೊತ್ತಿದ್ದದ್ದು ಕಾನ್ವೆಂಟಿನ ತೋಟ: ಸುಣ್ಣ ಬಳಿದ ಕಲ್ಲುಗಳ ಸಾಲು, ಅದರ ಹಿಂದೆ ಕ್ರೋಟನ್, ಅದರ ಹಿಂದೆ ಕಾಬಾಳೆ, ಎಲ್ಲವೂ ಅಸೆಂಬ್ಲಿಗೆ ನಿಂತ ಹಾಗೆ. ಇಲ್ಲಿಗೆ ಬಂದ ಮೇಲೆ ನೋಡಿದ್ದು ಹೂವಿನಿಂದ ಮುಚ್ಚಿದ ವಿಮಾನ, ಹೂವಿನ ಆನೆ, ಹೂವಿನ ಗಡಿಯಾರ. ಅದನ್ನೆಲ್ಲ ನೋಡಿ ಚಪ್ಪಾಳೆ ತಟ್ಟಿದವಳು ನಾನು.

“ಹೂವೆಲ್ಲಿ?” ಎಂದು ಕೇಳಿದೆ.

“ವೇಟ್ ಅಜ್ಜಿ.”

ಒಂದು ಬಿಳಿ ಗೋಡೆ ಬಂತು. ಬರೀ ಗೋಡೆ. ಅದರ ಮುಂದೆ ನಾಲ್ಕೈದು ಬಿದಿರು, ಒಂದು ಕಲ್ಲು. ಇದರಲ್ಲೇನಿದೆ ಎಂದು ಕೇಳುವುದರಲ್ಲಿದ್ದೆ, ಚಿತ್ರ ಅಲ್ಲಾಡಿತು. ಅದು ವಿಡಿಯೋ. ಗಾಳಿ ಬಂದು ಬಿದಿರಿನ ನೆರಳು ಗೋಡೆಯ ಉದ್ದಕ್ಕೂ ನಡೆದು ಹೋಯಿತು. ಆ ಗೋಡೆ ಕಟ್ಟಿದ್ದೇ ನೆರಳಿಗೋಸ್ಕರ. ಬಿದಿರನ್ನು ನೋಡಲಿ ಅಂತಲ್ಲ, ಬಿಸಿಲು ಬಿದಿರನ್ನು ಹೇಗೆ ಬರೆಯುತ್ತದೆ ಎಂದು ನೋಡಲಿ ಅಂತ. ಹಾಗೆ ಯಾರೋ ನೂರಾರು ವರ್ಷದ ಹಿಂದೆ ಕೂತು ಯೋಚಿಸಿದ್ದರು ಅಂದರೆ!

ಆಮೇಲೆ ಚಂದ್ರನಂತೆ ದುಂಡಗಿನ ಒಂದು ಬಾಗಿಲು. ಅದರಾಚೆಗೆ ಇನ್ನೊಂದು. ಅಂಕುಡೊಂಕಾದ ಒಂದು ಸೇತುವೆ, ನೇರ ಹೋಗಿದ್ದರೆ ಹತ್ತು ಹೆಜ್ಜೆಯದ್ದು, ಮೂವತ್ತು ಹೆಜ್ಜೆ ನಡೆಸುತ್ತದೆ. ಉದ್ದನೆಯ ಜಗಲಿಯಂಥ ದಾರಿ, ಅದರ ಗೋಡೆಯಲ್ಲಿ ಜಾಲರಿಯ ಕಿಟಕಿಗಳು. ಒಂದರ ಜಾಲರಿಯ ಹಾಗೆ ಇನ್ನೊಂದಿಲ್ಲ. ಪ್ರತಿ ಕಿಟಕಿಯಾಚೆಗೆ ಅದೇ ಕೊಳ, ಆದರೆ ಬೇರೆಯೇ ಕೊಳ. ಮಳೆಗಾಲದಲ್ಲಿ ಬಾಳೆ ಎಲೆಯ ಮೇಲೆ ಹನಿ ಬೀಳುವ ಸದ್ದು ಕೇಳಲಿಕ್ಕೆಂದೇ ಕಟ್ಟಿದ ಒಂದು ಪುಟ್ಟ ಮಂಟಪ. ದೂರದಲ್ಲಿ ಒಂದು ಗೋಪುರ.

“ಅದೂ ತೋಟದ್ದೇ?”

“ಅಲ್ಲ ಅಜ್ಜಿ, ಅದು ಹೊರಗೆ, ಎಷ್ಟೋ ದೂರ. ಇಲ್ಲಿ ನಿಂತರೆ ಕೊಳದ ಮೇಲೆ ಕಾಣೋ ಹಾಗೆ ಗಿಡ ನೆಟ್ಟಿದ್ದಾರೆ ಅಷ್ಟೇ. ಆ ನೋಟ ಊರಿಂದ ಕಡ ತಗೊಂಡಿದ್ದಾರೆ.”

“ಎಷ್ಟು ದೊಡ್ಡದುಂಟು ಇದು?”

ಅವಳು ನಕ್ಕಳು. “ಈಗ ತೋರಿಸ್ತಿರೋದಾ? ನಮ್ಮ ಬಿಲ್ಡಿಂಗ್ ಹಿಂದಿನ ಪಾರ್ಕಿಂಗ್‌ನಷ್ಟು.”

ನಾನು ನಂಬಲಿಲ್ಲ. ಬಾಲ್ಕನಿಯ ಇನ್ನೊಂದು ತುದಿಗೆ ಹೋಗಿ ಕೆಳಗೆ ಆ ಪಾರ್ಕಿಂಗನ್ನೇ ನೋಡಿ ಬಂದೆ. ಅರವತ್ತು ಎಪ್ಪತ್ತು ಕಾರು ಹಿಡಿಸಬಹುದು. ಅಷ್ಟರಲ್ಲಿ ಬೆಟ್ಟ, ಕೊಳ, ದಾರಿ, ಮಳೆಗೊಂದು ಮನೆ, ಚಂದ್ರನಿಗೊಂದು ಮನೆ!

ಚಿತ್ರಗಳ ತುಂಬ ಹುಡುಗ ಹುಡುಗಿಯರು. ಹಳೆಯ ಕಾಲದ ಉದ್ದ ತೋಳಿನ ರೇಷ್ಮೆ ಉಡುಪು ಬಾಡಿಗೆಗೆ ತೊಟ್ಟು, ತಲೆಗೆ ಹೂ ಸಿಕ್ಕಿಸಿ, ಸ್ನೀಕರ್ಸ್ ಮಾತ್ರ ಬಿಚ್ಚದೆ, ಕಿಟಕಿ ಕಿಟಕಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವವರು. ಮುದುಕರು ಕೂರಬೇಕಾದ ಜಾಗದಲ್ಲಿ ಈ ಮಕ್ಕಳಿಗೇನು ಕೆಲಸ? ಅದನ್ನೇ ಕೇಳಿದೆ. ಅವಳು ಇಂಗ್ಲಿಷಿನಲ್ಲಿ ಏನೋ ಶುರುಮಾಡಿ, ಬಿಟ್ಟು, ಕನ್ನಡಕ್ಕೆ ಬಂದಳು. ಅದು ಅವಳು ಸೀರಿಯಸ್ ಆಗಿರುವುದರ ಗುರುತು.

“ದುಬೈಯಲ್ಲಿ ಎಲ್ಲಾ ದೂರದಿಂದ್ಲೇ ಕಾಣ್ತದೆ ಅಜ್ಜಿ. ಇಪ್ಪತ್ತು ಕಿಲೋಮೀಟರ್ ಆಚೆಯಿಂದ ಬಿಲ್ಡಿಂಗ್ ಕಾಣ್ತದೆ. ಹತ್ರ ಹೋದ್ರೆ ಅದೇ, ಸ್ವಲ್ಪ ದೊಡ್ಡದು. ಅಲ್ಲಿ ಹತ್ರ ಹೋದ್ರೂ ಕಾಣೋದಿಲ್ಲ. ಒಂದು ಮೂಲೆ ತಿರುಗಬೇಕು, ಇನ್ನೊಂದು ಹೆಜ್ಜೆ ಇಡಬೇಕು. ಯಾರೂ ನನಗೆ ಏನನ್ನೂ ಮಾರ್ತಿರಲಿಲ್ಲ. ಐ ಫೆಲ್ಟ್... ಯಾರೋ ನನಗಾಗಿ ಕಾದಿದ್ದಾರೆ ಅಂತ.”

ಇಂಟೀರಿಯರ್ ಡಿಸೈನ್ ಕಲಿತ ಹುಡುಗಿ. ಡಿಗ್ರಿ ಮುಗಿದು ವರ್ಷವಾಗುತ್ತ ಬಂದಿತ್ತು. ನನ್ನ ಮಗ ಅವಳಿಗೆ ತನ್ನ ಸ್ನೇಹಿತನ ಇನ್ಶೂರೆನ್ಸ್ ಆಫೀಸಿನಲ್ಲಿ ಒಂದು ಕೆಲಸ ಮಾತಾಡಿ ಇಟ್ಟಿದ್ದ. ಅವಳು ಅದನ್ನು ತಿಂಗಳಿಂದ ತಿಂಗಳಿಗೆ ಮುಂದೆ ತಳ್ಳುತ್ತಿದ್ದಳು. ಈಗ ಅವಳೇ ಹುಡುಕಿ ಒಂದು ದಾರಿ ತಂದಳು. ಸುಝೌನಲ್ಲಿ ಐದು ತಿಂಗಳ ಒಂದು ಕೋರ್ಸ್: ಹಳೆಯ ತೋಟಗಳನ್ನು ಕಟ್ಟುವುದು, ಕಾಪಾಡುವುದು. ಹೊರದೇಶದವರಿಗೆ ಕೆಲವೇ ಸೀಟು. ಆರಿಸುವ ಮೇಷ್ಟರು ನವೆಂಬರಿನಲ್ಲಿ ಅಬುಧಾಬಿಗೆ ಬರುತ್ತಾರೆ. ಬರುವವರು ತಟ್ಟೆಯಲ್ಲಿ ಒಂದು ಪುಟ್ಟ ತೋಟವನ್ನು ತಾವೇ ಬೆಳೆಸಿ ತರಬೇಕು. ಕಲ್ಲು, ಗಿಡ, ಹಸಿರು, ಒಂದು ಮೊಳದೊಳಗೆ ಒಂದು ಬೆಟ್ಟ.

ಮಗ ಎಲ್ಲ ಕೇಳಿ, “ಒಂದೇ ಚಾನ್ಸ್. ಸಿಕ್ಕಿದ್ರೆ ಹೋಗು, ನಾನು ಬೇಡ ಹೇಳುದಿಲ್ಲ. ಸಿಗದಿದ್ರೆ ಖಲಾಸ್. ಮಂಡೇಯಿಂದ ಆಫೀಸ್,” ಎಂದ.

“ಡೀಲ್,” ಎಂದಳು ಅವಳು.

ಜೂನಿನಲ್ಲಿ ಶುರುವಾಯಿತು. ರಾಸ್ ಅಲ್ ಖೈಮಾದ ಕಡಲತಡಿಯಿಂದ ಒಂದು ಕಲ್ಲು ತಂದಳು. ಉಪ್ಪುನೀರು ಕೊರೆದು ಮೈಯೆಲ್ಲ ತೂತು, ಸುಕ್ಕು. ಸುಝೌನ ತೋಟಗಳಲ್ಲಿ ಇಂಥ ಕಲ್ಲನ್ನೇ ಸರೋವರದಿಂದ ಎತ್ತಿ ತಂದು ನಿಲ್ಲಿಸಿದ್ದಾರಂತೆ, ಎಷ್ಟು ಸುಕ್ಕೋ ಅಷ್ಟು ಚಂದವಂತೆ. “ಹಾಗಾದರೆ ನನ್ನನ್ನೇ ನಿಲ್ಲಿಸು ತಟ್ಟೆಯಲ್ಲಿ,” ಎಂದೆ. ಒಂದು ಚಿಕ್ಕ ಗಿಡ ನೆಟ್ಟಳು. ಎಲ್ಲವನ್ನೂ ಒಂದು ಹಳೆಯ ಮೀನಿನ ಗಾಜಿನ ತೊಟ್ಟಿಯೊಳಗಿಟ್ಟು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ನನ್ನ ಬಾತ್‌ರೂಮಿನ ಕಿಟಕಿಯ ಕೆಳಗೆ ತಂದಿಟ್ಟಳು. ಮನೆಯಲ್ಲಿ ಬಿಸಿಲು ತಣ್ಣಗೆ ಬರುವ ಜಾಗ ಅದೊಂದೇ. ದಿನಕ್ಕೆ ಮೂರು ಸಲ ನನ್ನ ಬಕೆಟ್ಟಿನ ಏಸಿ ನೀರನ್ನೇ ಸ್ಪ್ರೇ ಬಾಟಲಿಗೆ ತುಂಬಿ ಚಿಮುಕಿಸುತ್ತಿದ್ದಳು. ನಲ್ಲಿಯ ನೀರು ಆಗುವುದಿಲ್ಲವಂತೆ. ಗಿಡಕ್ಕೆ ಅಂದುಕೊಂಡೆ ನಾನು. ಏನು ಎತ್ತ ಎಂದು ಕೇಳಲಿಲ್ಲ. ನನ್ನ ಕಣ್ಣಿಗೆ ಆ ತೊಟ್ಟಿಯೊಳಗೆ ಕಂಡದ್ದು ಒಂದು ಕಪ್ಪು ಗಡ್ಡೆ, ಅಷ್ಟೇ.

ಅಕ್ಟೋಬರಿನಲ್ಲಿ ನನ್ನ ಒಂದು ಕಣ್ಣಿನ ಪೊರೆ ತೆಗೆದರು.

ಇದನ್ನು ಮಾಡಿಸಿಕೊಂಡವರಿಗೆ ಗೊತ್ತಿರುತ್ತದೆ. ಮೊದಲ ವಾರ ಬಣ್ಣಗಳನ್ನು ನೋಡಿ ಅಳು ಬರುತ್ತದೆ. ಎರಡನೆಯ ವಾರದಿಂದ ಕೊಳೆ ಕಾಣಲು ಶುರುವಾಗುತ್ತದೆ. ಸ್ವಿಚ್ಚಿನ ಸುತ್ತಲ ಬೆರಳ ಗುರುತು, ಟೈಲ್ಸ್ ನಡುವಿನ ಕಪ್ಪು, ಮಿಕ್ಸಿಯ ಬುಡದ ಜಿಡ್ಡು. ಇಷ್ಟು ವರ್ಷ ಇದರಲ್ಲೇ ಬದುಕಿದೆವೇ ಎಂದು ನಾಚಿಕೆಯಾಗಿ, ಡಾಕ್ಟರು ಬಗ್ಗಬಹುದು ಎಂದದ್ದೇ ತಡ, ಬ್ರಶ್ ಹಿಡಿದುಕೊಂಡು ಹೊರಟೆ. ಸೊಸೆ, “ಅತ್ತೆ, ನಿಮ್ಮ ಇನ್ನೊಂದು ಕಣ್ಣು ಹಾಗೇ ಇರ್ಲಿ, ನಮಗೆ ರೆಸ್ಟ್ ಬೇಕು,” ಎಂದು ನಗೆಯಾಡಿದಳು.

ಅಬುಧಾಬಿಯ ಗುರುವಾರಕ್ಕೆ ಎರಡು ದಿನವಿತ್ತು. ಮಂಗಳವಾರ ಬೆಳಿಗ್ಗೆ ಮೊಮ್ಮಗಳು ಯಾವುದೋ ಪ್ರಿಂಟ್ ತೆಗೆಸಲು ಹೋದಳು. ಹೋಗುವ ಮುಂಚೆ ತಟ್ಟೆಯನ್ನು ತೊಟ್ಟಿಯಿಂದ ಎತ್ತಿ ಬಾಲ್ಕನಿಯ ನೆರಳಿನಲ್ಲಿಟ್ಟಳು. “ಸ್ವಲ್ಪ ಗಾಳಿಯಾಡ್ಲಿ ಅಜ್ಜಿ. ಥರ್ಸ್‌ಡೇ ದೊಡ್ಡವರ ಮುಂದೆ ಹೋಗ್ಬೇಕಲ್ಲ.”

ಇಷ್ಟು ದಿನ ತೊಟ್ಟಿಯ ಗಾಜಿಗೆ ಹಬೆ ಕಟ್ಟಿರುತ್ತಿತ್ತು. ನಾನು ಮೊದಲ ಬಾರಿ ಹೊಸ ಕಣ್ಣಿನಿಂದ ಅದನ್ನು ನೋಡಿದೆ. ಅಯ್ಯೋ ದೇವರೇ. ಕಲ್ಲಿನ ಮೈತುಂಬ ಪಾಚಿ!

ಪಾಚಿಯ ವಿಷಯ ನನ್ನ ಹತ್ತಿರ ಮಾತಾಡಬಾರದು. ಮಂಗಳೂರಿನಲ್ಲಿ ನಾವಿದ್ದ ಬಾಡಿಗೆಮನೆಯ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದು ನನ್ನ ತಾಯಿಯ ಸೊಂಟ ಮುರಿಯಿತು. ಆಮೇಲೆ ಅವರು ಎದ್ದು ನಡೆಯಲಿಲ್ಲ. ನನಗಾಗ ಹದಿನಾಲ್ಕು. ಅಂದಿನಿಂದ ಬ್ಲೀಚಿಂಗ್ ಪೌಡರ್, ತೆಂಗಿನ ನಾರು, ಹಳೆಯ ಟೂತ್‌ಬ್ರಶ್, ಇವೇ ನನ್ನ ಆಯುಧ. ಕಾನ್ವೆಂಟಿನಲ್ಲಿ ಮಾತೆಯ ಮೂರ್ತಿಯಿದ್ದ ಗ್ರೋಟೋದ ಮೆಟ್ಟಿಲು ಉಜ್ಜಲು ಶನಿವಾರ ಮೊದಲು ಕೈ ಎತ್ತುತ್ತಿದ್ದವಳು ನಾನು. ಮದುವೆಯಾಗಿ ಹೋದ ಮನೆಯ ಅಂಗಳದಲ್ಲೂ ಅದೇ. ಇನ್ಸ್‌ಪೆಕ್ಷನ್ ಬರುವ ದಿನ ಸಿಸ್ಟರ್ ನಮ್ಮ ಉಗುರನ್ನು ಸಹ ನೋಡುತ್ತಿದ್ದರು. ಈ ಮಗು ಇಂಥ ಕಲ್ಲನ್ನು ದೊಡ್ಡವರ ಮುಂದೆ ಇಟ್ಟರೆ? ನೀರು ಹೆಚ್ಚು ಹಾಕಿ ಹಾಕಿ ಹೀಗೆ ಮಾಡಿಕೊಂಡಿದ್ದಾಳೆ, ಪಾಪ, ಅವಳಿಗೇನು ಗೊತ್ತು, ಮಳೆಯಿಲ್ಲದ ಊರಿನಲ್ಲಿ ಹುಟ್ಟಿದವಳು.

ಗಿಡಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಜೋಪಾನ ಮಾಡಿದೆ. ಕಲ್ಲಿಗೆ ವಿನಿಗರ್ ಹಾಕಿ ಮುಕ್ಕಾಲು ಗಂಟೆ ಉಜ್ಜಿದೆ. ತೂತಿನೊಳಗೂ ಬಿಡಲಿಲ್ಲ, ಬಟ್ಟೆ ಸುತ್ತಿದ ಕಡ್ಡಿಯಿಂದ ತೆಗೆದೆ. ಒರೆಸಿ ಇಟ್ಟಾಗ ಕಲ್ಲು ಹಲ್ಲಿನ ಹಾಗೆ ಬೆಳ್ಳಗೆ ಮಿಂಚುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ನಾನು ಅವಳು ಬರುವ ದಾರಿ ಕಾಯುತ್ತಿದ್ದೆ. ಹೊಗಳಿಸಿಕೊಳ್ಳಲಿಕ್ಕೆ.

ಅವಳು ಬಂದಳು. ಬಾಲ್ಕನಿಯ ಬಾಗಿಲಲ್ಲೇ ನಿಂತಳು.

“ಅಜ್ಜಿ. ಅದು ಎಲ್ಲಿ?”

“ಎಂತದು?”

“ಗ್ರೀನ್. ಅದರ ಮೇಲಿದ್ದ ಗ್ರೀನ್.”

“ತೆಗೆದೆ ಮಾರಾಯ್ತಿ! ಎಷ್ಟು ಹಿಡ್ಕೊಂಡಿತ್ತು ಗೊತ್ತುಂಟಾ?”

ಅವಳು ನೆಲದ ಮೇಲೆ ಕೂತುಬಿಟ್ಟಳು. ಕಿರುಚಿದ್ದರೆ ಒಳ್ಳೆಯದಿತ್ತು. “ಇಟ್ ವಾಸ್ ಅಲೈವ್, ಅಜ್ಜಿ,” ಎಂದಳು, ಅಷ್ಟು ಮೆಲ್ಲಗೆ. ಆಮೇಲೆ ಹೇಳಿದಳು. ನರ್ಸರಿಯ ಕುಂಡದಿಂದ ಚಿಟಿಕೆ ಪಾಚಿ ಕೆರೆದು ತಂದು, ಲಬನ್ ಎಂದು ಇಲ್ಲಿ ಮಾರುವ ಮಜ್ಜಿಗೆಯಲ್ಲಿ ಕಲಸಿ, ಕಲ್ಲಿಗೆ ಬಳಿದು, ಐದು ತಿಂಗಳು ಕಾದದ್ದು. ಎರಡು ಸಲ ಒಣಗಿ ಸತ್ತದ್ದು. ಮೂರನೆಯ ಸಲ ಬದುಕಿದ್ದು. ಮರುಭೂಮಿಯಲ್ಲಿ ಪಾಚಿ ಬೆಳೆಸಿ ತೋರಿಸುವುದೇ ಅವಳ ಪರೀಕ್ಷೆ. ಗಿಡ ಬರೀ ಜೊತೆಗೆ.

ಮಗ ಸಂಜೆ ಬಂದು, ನೋಡಿ, ಯಾರಿಗೂ ಬೈಯಲಿಲ್ಲ. “ಮಂಡೇಗೆ ಫಾರ್ಮಲ್ ಬಟ್ಟೆ ಉಂಟಲ್ಲ ನಿನ್ನತ್ರ?” ಎಂದು ಮಾತ್ರ ಕೇಳಿದ. ಅವಳು ಉಂಟು ಎಂದು ತಲೆಯಾಡಿಸಿದಳು.

ಬುಧವಾರ ಇಡೀ ದಿನ ಅವಳು ನನ್ನನ್ನು ನೋಡಲಿಲ್ಲ. ಸಂಜೆ ನಾನೇ ಅವಳ ಕೋಣೆಗೆ ಹೋಗಿ, ಬಾಗಿಲಲ್ಲಿ ನಿಂತು ಹೇಳಿದೆ: “ಸಾರಿ ಹೇಳಿದರೆ ಅದು ಮತ್ತೆ ಬೆಳೆಯುದಿಲ್ಲ, ಗೊತ್ತುಂಟು ನನಗೆ. ಆದರೆ ನಾಳೆ ನೀನು ಹೋಗಲೇಬೇಕು. ಬೇಗ ಹೊರಡುವ. ನಾನೂ ಬರ್ತೇನೆ. ಪಾಚಿ ಎಲ್ಲಿ ಅಡಗ್ತದೆ ಅಂತ ನನಗೆ ಗೊತ್ತಿರುವಷ್ಟು ನಿನಗೆ ಗೊತ್ತಿಲ್ಲ.”

“ಇಟ್ಸ್ ಎ ಡೆಸರ್ಟ್, ಅಜ್ಜಿ.”

“ಇರ್ಲಿ. ನೀರು ಸೋರುವ ಕಡೆ ಅದು ಇದ್ದೇ ಇರ್ತದೆ.”

ಗುರುವಾರ ಬೆಳಗಿನ ಏಳಕ್ಕೆ ಹೊರಟೆವು. ಅವಳೇ ಡ್ರೈವ್ ಮಾಡಿದಳು. ತಟ್ಟೆ ನನ್ನ ತೊಡೆಯ ಮೇಲೆ, ಅದರ ಮೇಲೊಂದು ಒದ್ದೆ ಟವೆಲ್. ನನ್ನ ಕೈಚೀಲದಲ್ಲಿ ಒಂದು ಸ್ಟೀಲ್ ಚಮಚ. ಎರಡು ಕಡೆಗೂ ಮರಳು.

ಅಬುಧಾಬಿಯ ಬಂದರಿನ ಕಡೆ, ಅಲ್ ಮೀನಾದಲ್ಲಿ, ಗಿಡಗಳ ಅಂಗಡಿಗಳ ಒಂದು ಸಾಲೇ ಇದೆ. ಮೊದಲ ಮೂರು ಅಂಗಡಿಯಲ್ಲಿ ಎಲ್ಲ ಒಣಕಲು, ಚೊಕ್ಕಟ. ನಾಲ್ಕನೆಯದರಲ್ಲಿ ನಾನು ಮೊಮ್ಮಗಳಿಗೆ, “ನಲ್ಲಿ ಎಲ್ಲಿ ಉಂಟು ನೋಡು,” ಎಂದದ್ದು ಕೇಳಿ ಒಳಗಿನಿಂದ ಬಿಳಿ ಟೊಪ್ಪಿಯವರೊಬ್ಬರು ಹೊರಬಂದರು.

“ಊರೆಲ್ಲಿ ಅಮ್ಮ?”

“ಮಂಗಳೂರು.”

“ನಮ್ಮದು ಉಳ್ಳಾಲ ಮಾರಾಯ್ರೆ! ಎಂತ ಬೇಕು ಹೇಳಿ. ಮಲ್ಲಿಗೆ ಉಂಟು, ಕಬಾಬ್ ಮಾಡ್ಲಿಕ್ಕೆ ಪುದಿನ ಉಂಟು.”

“ಪಾಚಿ ಬೇಕಿತ್ತು.”

“ಪಾಜಿಯಾ?” ಅವರು ತುಳುವಿನಲ್ಲೇ ಬಾಯಿ ಬಿಟ್ಟರು. “ಊರಲ್ಲಿ ಬೇಡ ಬೇಡ ಅಂದ್ರೂ ಬರ್ತದೆ. ಅದನ್ನು ಬಿಟ್ಟು ಓಡಿ ಬಂದು ಮೂವತ್ತು ವರ್ಷ ಆಯ್ತು ಅಮ್ಮ. ಕೇಳಿಕೊಂಡು ಬಂದದ್ದು ನೀವೇ ಫಸ್ಟು. ಪ್ಲಾಸ್ಟಿಕ್ ಹುಲ್ಲು ಉಂಟು, ಬೇಕಾದ್ರೆ ಕೊಡುವ.”

“ನಿಮ್ಮ ಯಾವ ನಲ್ಲಿ ಸೋರ್ತದೆ?”

“ನಮ್ಮ ನಲ್ಲಿ ಸೋರುದಿಲ್ಲ!” ಎಂದರು ಸಿಟ್ಟಿನಿಂದ. ಮತ್ತೆ ತಗ್ಗಿದ ದನಿಯಲ್ಲಿ, “ಹಿಂದೆ ಒಂದುಂಟು. ಯಾರಿಗೂ ಹೇಳ್ಬೇಡಿ.”

ಹಿಂದುಗಡೆ ಹಸಿರು ಬಲೆಯ ನೆರಳು. ಜರಿಗಿಡಗಳ ಸಾಲಿನ ಹಿಂದೆ ಗೋಡೆಯ ಬುಡಕ್ಕೆ ಒಂದು ನಲ್ಲಿ, ಅದರ ಕೆಳಗೆ ಒಡೆದ ಮಣ್ಣಿನ ಕುಂಡಗಳ ರಾಶಿ. ನಾನು ಮಂಡಿಯೂರಿದೆ. ಮಂಡಿ ಕಿರುಗುಟ್ಟಿತು, ಕೂತುಕೊಂಡೆ. ಮೇಲಿನ ಚೂರು ಎತ್ತಿದೆ, ಇಲ್ಲ. ಅದರ ಕೆಳಗಿನದು, ಇಲ್ಲ. ಬಿಸಿಲಿಗೆ ಬೆನ್ನು ಹಾಕಿ ಗೋಡೆಗೆ ಅಂಟಿಕೊಂಡು ಕೂತಿದ್ದ ದೊಡ್ಡ ಚೂರನ್ನು ಮಗುಚಿದೆ.

ಇತ್ತು. ಅಂಗೈ ಅಗಲ, ದಟ್ಟ, ಮೆತ್ತಗೆ, ಪೊರೆ ತೆಗೆದ ಕಣ್ಣಿಗೆ ಚುಚ್ಚುವಷ್ಟು ಹಸಿರು. ಇಷ್ಟು ಹತ್ತಿರದಿಂದ ನಾನದನ್ನು ಯಾವತ್ತೂ ನೋಡಿರಲಿಲ್ಲ, ಎಷ್ಟೋ ಸಾವಿರ ಸಲ ಉಜ್ಜಿದ್ದರೂ. ಒಂದೊಂದೂ ಒಂದು ಪುಟ್ಟ ಗಿಡ. ಒಂದೊಂದಕ್ಕೂ ಎಲೆ. ಒಂದು ಹನಿ ನೀರು ಅದರ ಮೇಲೆ ಒಡೆಯದೆ ನಿಂತಿತ್ತು, ಅದರೊಳಗೆ ಆಕಾಶ ತಲೆಕೆಳಗಾಗಿ. ಪಾರ್ಕಿಂಗಿನಷ್ಟು ಜಾಗದಲ್ಲಿ ಬೆಟ್ಟ ಕೊಳ ಮಾಡಿದವರನ್ನು ನೋಡಿ ಬೆರಗಾಗಿದ್ದೆನಲ್ಲ, ಇಲ್ಲಿ ಯಾರೋ ಅಂಗೈಯಷ್ಟರಲ್ಲಿ ಕಾಡು ಮಾಡಿಟ್ಟಿದ್ದರು. ನನ್ನ ಬಾಯಿಂದ ಕಾನ್ವೆಂಟಿನ ಹಳೆಯ ಪ್ರೇಯರಿನ ಮೊದಲ ಎರಡು ಶಬ್ದ ತಾನಾಗಿ ಬಂತು.

“ಅಜ್ಜಿ, ಆರ್ ಯು ಓಕೆ?”

“ಚಮಚ ಕೊಡು.”

ಉಳ್ಳಾಲದವರು ಒಂದು ಸ್ಟೂಲ್ ತಂದು ಹಾಕಿದರು. ತಟ್ಟೆಯನ್ನು ಕುಂಡಗಳ ಮೇಲಿಟ್ಟು ಕೆಲಸಕ್ಕೆ ಕೂತೆವು. ಮೊಮ್ಮಗಳು ಮೊದಲಿನ ಹಾಗೆ ಕಲ್ಲಿನ ನೆತ್ತಿಯಿಂದಲೇ ಶುರುಮಾಡಿದಳು. ನಾನು ಕೈ ತಡೆದೆ. “ಅಲ್ಲಿ ಅದು ಬರುದಿಲ್ಲ. ನೀರು ನಿಲ್ಲುದಿಲ್ಲ ಅಲ್ಲಿ. ಇಲ್ಲಿ ನೋಡು, ಈ ಮಡಿಕೆಯಲ್ಲಿ. ಈ ತೂತಿನ ಕೆಳತುಟಿಯಲ್ಲಿ. ಇಲ್ಲಿ ಬುಡಕ್ಕೆ, ಬಿಸಿಲಿಲ್ಲದ ಬದಿಗೆ. ನಾನು ಯಾವಾಗಲೂ ಹುಡುಕುತ್ತಿದ್ದದ್ದು ಇಲ್ಲೇ.” ಅವಳು ನಾನು ತೋರಿಸಿದಲ್ಲೆಲ್ಲ ಪಾಚಿ ಕೂರಿಸಿದಳು. ಆಮೇಲೆ ತಾನೇ ಕಲ್ಲನ್ನು ಎತ್ತಿ ತಟ್ಟೆಯ ನಡುವಿನಿಂದ ಒಂದು ಮೂಲೆಗೆ ಸರಿಸಿದಳು. ಉಳಿದ ಅರ್ಧ ತಟ್ಟೆ ಬರೀ ಮರಳು. ಅದು ಅವಳದೇ ಯೋಚನೆ. ಒಮ್ಮೆಲೇ ಆ ಕಲ್ಲು ದೂರದ ಬೆಟ್ಟವಾಯಿತು.

ಅಲ್ಲಿಂದ ನೇರ ಪರೀಕ್ಷೆಯ ಕೋಣೆಗೆ ಹೋದೆವು. ಮೇಷ್ಟರು ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು. ಬೋಳುತಲೆ, ಮುಂದೆ ಒಂದು ಚಹಾದ ಫ್ಲಾಸ್ಕ್. ಬಂದವರೆಲ್ಲ ಇಪ್ಪತ್ತರ ಆಚೀಚಿನವರು. ಅರಬ್ ಹುಡುಗಿಯರು, ಫಿಲಿಪಿನೋ ಹುಡುಗನೊಬ್ಬ, ಒಂದು ಮಲಯಾಳಿ ಜೋಡಿ. ಎಲ್ಲರೂ ಆ ತೋಟಗಳನ್ನು ನೋಡಿ ಬಂದು ಮನಸ್ಸು ಅಲ್ಲೇ ಬಿಟ್ಟವರೇ. ಒಬ್ಬಳ ಕೈಯಲ್ಲಿ ಅದೇ ಕೆಂಪು ಮುದ್ರೆಯ ನೋಟ್‌ಬುಕ್ ಇತ್ತು. ನಮ್ಮ ಸರದಿ ಬಂತು. ನಾನು ಗೋಡೆಯ ಬದಿಯ ಕುರ್ಚಿಯಲ್ಲಿ ಕೂತೆ.

ಮೇಷ್ಟರು ಕಲ್ಲಿನ ಮೇಲೆ ಬೆರಳಾಡಿಸಿದರು. ತಡೆತಡೆದು ಇಂಗ್ಲಿಷಿನಲ್ಲಿ ಕೇಳಿದರು, ಈ ಪಾಚಿ ಬೆಳೆದು ಎಷ್ಟು ದಿನ?

ಅವಳ ಫೋನಿನಲ್ಲಿ ಐದು ತಿಂಗಳ ಫೋಟೋಗಳಿದ್ದವು. ತೋರಿಸಿ ಐದು ತಿಂಗಳು ಎಂದಿದ್ದರೆ ಮುಗಿಯುತ್ತಿತ್ತು. ಅವಳು ಫೋನನ್ನು ಮುಟ್ಟಲಿಲ್ಲ.

“ಟೂ ಅವರ್ಸ್, ಸರ್. ಮೊದಲಿನದ್ದು ಹೋಯಿತು. ಕ್ಲೀನ್ ಮಾಡುವಾಗ. ನಮ್ಮದೇ ತಪ್ಪು.”

ನಮ್ಮದೇ ಎಂದಳು. ನಾನು ಎದ್ದು ನಿಂತೆ, ಸಿಸ್ಟರ್ ಕ್ಲಾಸಿನೊಳಗೆ ಬಂದಾಗ ನಿಲ್ಲುತ್ತಿದ್ದ ಹಾಗೆ, ಕೈ ಹಿಂದೆ ಕಟ್ಟಿ.

“ನೋ, ಸರ್. ಐ ಡಿಡ್ ಇಟ್. ಅವಳು ಐದು ತಿಂಗಳು ಬೆಳೆಸಿದ್ದಳು. ನಾನು ಕೊಳೆ ಎಂದು ತಿಳಿದು ಉಜ್ಜಿ ತೆಗೆದೆ.” ನಿಂತವಳು ಸುಮ್ಮನಿರಬೇಕಿತ್ತು, ಬಾಯಿ ನಿಲ್ಲಲಿಲ್ಲ. ಬಾವಿಕಟ್ಟೆ, ನನ್ನ ತಾಯಿ, ಬ್ಲೀಚಿಂಗ್ ಪೌಡರ್, ಎಲ್ಲ ಹೇಳಿಬಿಟ್ಟೆ. ಅವರಿಗೆ ಎಷ್ಟು ಅರ್ಥವಾಯಿತೋ.

ಮೇಷ್ಟರು ನಗಲಿಲ್ಲ. ಮೇಜಿನ ಮೇಲಿದ್ದ ಬಾಟಲಿಯಿಂದ ಫ್ಲಾಸ್ಕಿನ ಮುಚ್ಚಳಕ್ಕೆ ನೀರು ತೆಗೆದುಕೊಂಡು ಕಲ್ಲಿನ ನೆತ್ತಿಯ ಮೇಲೆ ಮೆಲ್ಲನೆ ಸುರಿದರು. ನೀರು ಸುಕ್ಕು ಸುಕ್ಕು ಹಿಡಿದು ಇಳಿಯಿತು, ತೂತಿನೊಳಗೆ ಹೋಗಿ ಕೆಳಗೆ ಬಂತು, ಪಾಚಿ ಇದ್ದಲ್ಲೆಲ್ಲ ಒಂದು ಕ್ಷಣ ನಿಂತು ಮುಂದೆ ಹೋಯಿತು. ಕೊನೆಗೆ ಮರಳಿನ ಅಂಚಿನಲ್ಲಿ ಒಂದು ತೆಳ್ಳನೆಯ ತೀರ ಮಾಡಿತು. ನಮ್ಮ ಊರಿನ ಕಡಲತಡಿಯನ್ನು ನಾನು ಅಷ್ಟು ಚಿಕ್ಕದಾಗಿ, ಅಷ್ಟು ಪೂರ್ತಿಯಾಗಿ ಎಂದೂ ನೋಡಿರಲಿಲ್ಲ.

“ಎಲ್ಲಿ ಇಡಬೇಕು ಎಂದು ಹೇಗೆ ಗೊತ್ತಾಯಿತು?” ಮೇಷ್ಟರು ಕೇಳಿದ್ದು ನನ್ನನ್ನು.

“ಅರವತ್ತು ವರ್ಷ ಅಲ್ಲಿಂದಲೇ ತೆಗೆದಿದ್ದೇನೆ, ಸರ್.”

ಅವರು ಮೊಮ್ಮಗಳ ಕಡೆ ತಿರುಗಿ ಖಾಲಿ ಮರಳನ್ನು ತೋರಿಸಿದರು. “ಅಂಡ್ ದಿಸ್?”

“ಅದು ನಾನು ಬಿಟ್ಟದ್ದು,” ಎಂದಳು. “ನಾವು ಬಂದ ದಾರಿ.”

“ಟ್ರೀ ಈಸ್ ನಾಟ್ ಗುಡ್,” ಎಂದರು ಮೇಷ್ಟರು, ಏನೋ ಬರೆದುಕೊಂಡರು. ಅಷ್ಟೇ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ವಾಪಸ್ ಬರುವಾಗ ಅವಳು ದಾರಿಯುದ್ದಕ್ಕೂ ಮಾತಾಡಿದಳು. ಎರಡು ದಿನದ ಬಾಕಿಯೆಲ್ಲ. ಆದರೆ ಉತ್ತರ ಇನ್ನೂ ಬಾರದಿದ್ದುದರಿಂದ ಸೋಮವಾರ ಫಾರ್ಮಲ್ ಬಟ್ಟೆ ಹಾಕಿಕೊಂಡು ಇನ್ಶೂರೆನ್ಸ್ ಆಫೀಸಿಗೇ ಹೋದಳು, ಮಾತು ಮಾತೇ ಎಂದು. ಗುರುವಾರ ಅಲ್ಲೇ, ಲಂಚ್ ಬ್ರೇಕಿನಲ್ಲಿ, ಮೇಲ್ ಬಂತಂತೆ. ನನಗೆ ಫೋನ್ ಮಾಡಿ ಏನೂ ಹೇಳದೆ ಅತ್ತಳು. ಸೀಟು ಸಿಗಲಿಲ್ಲ ಎಂದುಕೊಂಡು ನಾನೂ ಅತ್ತೆ. ಆಮೇಲೆ ಗೊತ್ತಾಯಿತು ಸಿಕ್ಕಿದೆ ಎಂದು. ಸಂಜೆ ಮಗ ಕ್ಯಾಲೆಂಡರ್ ತೆಗೆದು, “ಐದು ತಿಂಗಳು. ಹೊರಗೆ ಆರು ತಿಂಗಳಾದ್ರೆ ಇಲ್ಲಿನ ವೀಸಾ ಖಲಾಸ್. ಪಾಚಿ ನೋಡ್ತಾ ಕೂತು ಮರೀಬೇಡ,” ಎಂದು ಗದರಿಸಿ, ಒಳಗೆ ಹೋಗಿ ತನ್ನ ದಪ್ಪ ಸ್ವೆಟರನ್ನು ಅವಳ ಪೆಟ್ಟಿಗೆಯೊಳಗೆ ತಾನೇ ಇಟ್ಟ.

ಮಾರ್ಚಿನಲ್ಲಿ ಹೋದಳು. ಈಗ ನನ್ನ ಇನ್ನೊಂದು ಕಣ್ಣಿಗೂ ಆಪರೇಷನ್ ಆಗಿದೆ. ಮೊನ್ನೆ ಬೆಳಿಗ್ಗೆ, ನಾನು ಕಾಫಿ ಕುಡಿಯುವ ಹೊತ್ತಿಗೆ, ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಅದು ಹತ್ತು ಗಂಟೆಯ ಸಮಯ. ಜನರ ಕ್ಯೂ ಆಗಲೇ ಉದ್ದವಾಗಿದೆ, ರೇಷ್ಮೆಯ ತೋಳು, ಸ್ನೀಕರ್ಸ್, ನೋಟ್‌ಬುಕ್. ಆದರೆ ಇವಳಿರುವುದು ಹಗ್ಗ ಕಟ್ಟಿದ ಆಚೆಗೆ, ಒಂದು ಕಲ್ಲುಬೆಟ್ಟದ ಹಿಂದೆ. ಅಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಪುಟ್ಟ ಮಣೆಯ ಮೇಲೆ ಕೂತು, ಚಿಮಟದಿಂದ ಪಾಚಿಯ ಮೇಲೆ ಬಿದ್ದ ಒಣ ಎಲೆಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು. ಪಾಚಿಗೆ ನೋವಾಗದ ಹಾಗೆ.

“ಇವರ ಹತ್ರ ನಿಮ್ಮ ಸ್ಟೋರಿ ಹೇಳಿದೆ ಅಜ್ಜಿ.”

“ಅವಳೆಂತ ಹೇಳಿದಳು?”

“ನಗ್ತಾನೇ ಇದ್ರು. ಆಮೇಲೆ, ನಿಮ್ಮನ್ನು ಈ ಕಡೆ ಬಿಡ್ಬಾರ್ದು ಅಂದ್ರು.”

ಆ ಹೆಂಗಸು ಫೋನಿನ ಕಡೆ ನೋಡಿ ಚಿಮಟ ಎತ್ತಿ ನನಗೆ ತೋರಿಸಿದಳು. ನಾನು ಅಡಿಗೆಮನೆಗೆ ಹೋಗಿ ನನ್ನ ಸ್ಟೀಲ್ ಚಮಚ ತಂದು ಅವಳಿಗೆ ತೋರಿಸಿದೆ. ಅವಳ ಹಿಂದೆ ಆ ಹಸಿರು, ಕಲ್ಲಿನ ಬುಡದಿಂದ ನೀರಿನವರೆಗೆ, ಬೆಳಗಿನ ಬಿಸಿಲು ತಾಗಿಯೂ ತಾಗದ ಹಾಗೆ. ಅಷ್ಟು ಹಳೆಯದನ್ನು ಅಷ್ಟು ಎಳೆಯದಾಗಿ ಇಟ್ಟಿದ್ದಾರೆ. ಫೋನ್ ಇಟ್ಟ ಮೇಲೂ ನನ್ನ ಕಾಫಿ ಮುಟ್ಟಲು ಮನಸ್ಸಾಗಲಿಲ್ಲ.

ನಮ್ಮ ಬಾಲ್ಕನಿಯಲ್ಲಿ, ಬಕೆಟ್ಟಿನ ಹಿಂದೆ, ಏಸಿ ನೀರು ಸಿಡಿಯುವ ಮೂಲೆಯಲ್ಲಿ ಉಗುರಿನಷ್ಟು ಹಸಿರು ಬಂದಿದೆ. ನವೆಂಬರಿನಲ್ಲಿ ನಾನು ಉಜ್ಜಿದ ನೀರಿನಿಂದಲೇ ಬಂದಿರಬೇಕು. ಸೊಸೆ ನೋಡಿ, “ಅತ್ತೆ, ಜಾರ್ತದೆ, ತೆಗೀಲಾ?” ಎಂದು ಕೇಳಿದಳು. ನನ್ನ ತಾಯಿಯ ನೆನಪಾಯಿತು. ಯಾರೂ ಅಲ್ಲಿ ಕಾಲಿಡದ ಹಾಗೆ ನನ್ನ ಕುರ್ಚಿಯನ್ನು ಆ ಮೂಲೆಗೆ ಅಡ್ಡ ಇಟ್ಟಿದ್ದೇನೆ. ಬೆಳಿಗ್ಗೆ ಅದರ ಮೇಲೆಯೇ ಕೂರುತ್ತೇನೆ, ಹಸಿರಿಗೆ ಮುಖ ಮಾಡಿ, ಶಾರ್ಜಾಕ್ಕೆ ಬೆನ್ನು ಹಾಕಿ.